ಮನೆಯ ಸಾಮಾನು ಸಂಗ್ರಹ ವ್ಯವಸ್ಥೆ

ಮನೆಯ ಸಾಮಾನು ಸಂಗ್ರಹ ವ್ಯವಸ್ಥೆ ಎಂದರೆ ವಾಸದ ಮನೆಯಲ್ಲಿ ದವಸಧಾನ್ಯ, ಪಾತ್ರೆಪಡಗ, ಬಟ್ಟೆಬರೆ, ಹಾಸಿಗೆ ಹೊದಿಕೆ, ಪುಸ್ತಕ, ಕಾಗದಪತ್ರ, ನೀರು ಮತ್ತು ಇಂಧನಗಳನ್ನು ಕೆಡದಂತೆ ಹಾಗೂ ಬೇಕಾದಾಗ ಕೈಗೆ ಸಿಗುವಂತೆ ಇರಿಸಲು ಮಾಡಿಕೊಳ್ಳುವ ಏರ್ಪಾಡು. ಅಟ್ಟ, ಗೂಡು, ನಾಗಂದಿಗೆ, ನೆಲುವು, ಕಣಜ, ಹಗೇವು ಮೊದಲಾದವು ಕರ್ನಾಟಕದ ಹಳೆಯ ಮನೆಗಳಲ್ಲಿ ಈ ಕೆಲಸಕ್ಕೆ ಬಳಕೆಯಲ್ಲಿದ್ದವು. ಇಂದಿನ ಕಾಂಕ್ರೀಟ್ ಮನೆಗಳಲ್ಲಿ ಸಜ್ಜಾ, ಕಡಪ ಕಲ್ಲಿನ ಹಲಗೆ, ಗೋಡೆ ಬೀರು, ಕಬ್ಬಿಣದ ರ‍್ಯಾಕ್ ಮುಂತಾದವು ಅವುಗಳ ಸ್ಥಾನಕ್ಕೆ ಬಂದಿವೆ. ಈ ಲೇಖನವು ಮುಖ್ಯವಾಗಿ ಮಧ್ಯ ಕರ್ನಾಟಕದ ದಾವಣಗೆರೆ ಮತ್ತು ಹರಿಹರ ಭಾಗದ ಮನೆಗಳನ್ನು ಗಮನದಲ್ಲಿಟ್ಟುಕೊಂಡು, ಕಡಿಮೆ ಖರ್ಚಿನಲ್ಲಿ ಮನೆಯ ಸಂಗ್ರಹ ಜಾಗವನ್ನು ಹೆಚ್ಚಿಸಿಕೊಳ್ಳುವ ವಿಧಾನಗಳನ್ನೂ ಅವುಗಳಲ್ಲಿ ವಹಿಸಬೇಕಾದ ಎಚ್ಚರಿಕೆಗಳನ್ನೂ ವಿವರಿಸುತ್ತದೆ.

ಹಿನ್ನೆಲೆ

ದಾವಣಗೆರೆಯು ಹತ್ತಿ ವ್ಯಾಪಾರ ಮತ್ತು ಬಟ್ಟೆ ಗಿರಣಿಗಳಿಂದ ಬೆಳೆದ ನಗರ. ಒಂದು ಕಾಲದಲ್ಲಿ ಇದಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. 1997ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಮೇಲೆ ಮತ್ತು 2007ರಲ್ಲಿ ಮಹಾನಗರ ಪಾಲಿಕೆಯ ಸ್ಥಾನ ಪಡೆದ ಮೇಲೆ ನಗರದ ವಿಸ್ತಾರ ಹೆಚ್ಚಿತು. ಹೆಸರಿನಲ್ಲಿ ಇನ್ನೂ ಹಳ್ಳಿಯನ್ನು ಉಳಿಸಿಕೊಂಡಿರುವ ನಿಟ್ಟುವಳ್ಳಿಯಂತಹ ಪ್ರದೇಶಗಳು ಇಂದು ನಗರದ ಒಳಗಿನ ಬಡಾವಣೆಗಳಾಗಿವೆ.

ಹಳ್ಳಿಯ ಮನೆ ಬಿಟ್ಟು ನಗರಕ್ಕೆ ಬಂದ ಕುಟುಂಬದ ಮನೆ ಕಿರಿದಾಯಿತೇ ಹೊರತು ಸಾಮಾನು ಕಡಿಮೆಯಾಗಲಿಲ್ಲ. ಭದ್ರಾ ಅಚ್ಚುಕಟ್ಟಿನ ಈ ಭಾಗದಲ್ಲಿ ಸುಗ್ಗಿಯ ನಂತರ ಊರಿನಿಂದ ವರ್ಷದ ಅಕ್ಕಿ, ಜೋಳ, ಬೇಳೆಕಾಳುಗಳನ್ನು ಒಟ್ಟಿಗೆ ತಂದಿಟ್ಟುಕೊಳ್ಳುವ ಪದ್ಧತಿ ಅನೇಕ ಮನೆಗಳಲ್ಲಿದೆ. 20 ಅಡಿ ಅಗಲ, 30 ಅಡಿ ಉದ್ದದ ನಿವೇಶನವೆಂದರೆ ಒಟ್ಟು 600 ಚದರ ಅಡಿ. ಗೋಡೆ, ಮೆಟ್ಟಿಲು, ಬಚ್ಚಲುಮನೆಗಳನ್ನು ಕಳೆದರೆ ವಾಸಕ್ಕೆ ಉಳಿಯುವುದು ಅದಕ್ಕಿಂತ ಬಹಳ ಕಡಿಮೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದವರ ಮನೆಗೆ 30 ಚದರ ಮೀಟರ್ ಒಳಾಂಗಣ ವಿಸ್ತೀರ್ಣವನ್ನು ಮಿತಿಯಾಗಿ ನಿಗದಿಪಡಿಸಲಾಯಿತು. ಇದು ಸುಮಾರು 323 ಚದರ ಅಡಿ. ಇಷ್ಟರಲ್ಲಿ ನಾಲ್ಕೈದು ಜನರ ಸಂಸಾರ ನಡೆಯಬೇಕಾದಾಗ ಸಾಮಾನು ಎಲ್ಲಿಡಬೇಕು ಎಂಬುದು ಅಂದಚಂದದ ಪ್ರಶ್ನೆಯಲ್ಲ, ಮಲಗಲು ಜಾಗವಿದೆಯೇ ಎಂಬ ಪ್ರಶ್ನೆ.

ಸಾಂಪ್ರದಾಯಿಕ ಏರ್ಪಾಡುಗಳು

ಬಯಲುಸೀಮೆಯ ಮಾಳಿಗೆ ಮನೆಗಳ ಗೋಡೆಗಳು ಮಣ್ಣಿನವು ಅಥವಾ ಕಲ್ಲುಮಣ್ಣಿನವು. ಅವುಗಳ ದಪ್ಪ ಎರಡು ಅಡಿ ಇಲ್ಲವೇ ಅದಕ್ಕೂ ಹೆಚ್ಚು. ಈ ದಪ್ಪವೇ ಆ ಮನೆಗಳ ದೊಡ್ಡ ಉಗ್ರಾಣ. ಗೋಡೆ ಕಟ್ಟುವಾಗಲೇ ಅಲ್ಲಲ್ಲಿ ಗೂಡುಗಳನ್ನು ಬಿಡಲಾಗುತ್ತಿತ್ತು. ದೀಪ ಇಡುವ ಚಿಕ್ಕ ಗೂಡಿಗೆ ಮಾಡ ಎನ್ನುವುದುಂಟು. ಗೋಡೆಯ ಉದ್ದಕ್ಕೂ ಹಾಯಿಸಿದ ಮರದ ಹಲಗೆಗೆ ನಾಗಂದಿಗೆ ಎಂದು ಹೆಸರು. ಅದರ ಮೇಲೆ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಸಾಲಾಗಿ ಬೋರಲು ಹಾಕುತ್ತಿದ್ದರು. ಬಟ್ಟೆ, ಚೀಲ, ಹಗ್ಗಗಳನ್ನು ತೂಗುಹಾಕಲು ಗೋಡೆಯಲ್ಲಿ ಗೂಟಗಳಿರುತ್ತಿದ್ದವು. ಗಿಳಿಯ ಆಕಾರದಲ್ಲಿ ಕೆತ್ತಿದ ಗಿಳಿಗೂಟಗಳು ಅನುಕೂಲಸ್ಥರ ಮನೆಗಳಲ್ಲಿ ಕಾಣಸಿಗುತ್ತಿದ್ದವು. ಜಂತೆಗಳಿಂದ ಇಳಿಬಿಟ್ಟ ಬಿದಿರಿನ ಗಳದ ಮೇಲೆ ಸೀರೆ, ಕೌದಿಗಳನ್ನು ಹರವುತ್ತಿದ್ದರು. ಇವೆಲ್ಲವೂ ನೆಲವನ್ನು ಖಾಲಿ ಬಿಡುವ ಏರ್ಪಾಡುಗಳು ಎಂಬುದು ಗಮನಾರ್ಹ. ಊಟ, ನಿದ್ರೆ, ಬೀಸುವ ಕುಟ್ಟುವ ಕೆಲಸ ಎಲ್ಲವೂ ನೆಲದ ಮೇಲೆಯೇ ನಡೆಯುತ್ತಿದ್ದುದರಿಂದ ಅಲ್ಲಿ ಸಾಮಾನಿಗೆ ಎಡೆಯಿರಲಿಲ್ಲ.

ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಹಗ್ಗದ ನೆಲುವಿನಲ್ಲಿ ತೂಗುಹಾಕುತ್ತಿದ್ದರು. ಇದರಿಂದ ಇರುವೆ, ಇಲಿ, ಬೆಕ್ಕುಗಳ ಕಾಟ ತಪ್ಪುವುದಲ್ಲದೆ ಸುತ್ತಲೂ ಗಾಳಿಯಾಡುತ್ತಿತ್ತು. ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು ಮುಂತಾದ ಚಿಲ್ಲರೆ ದಿನಸಿಗೆ ಅಡಕಲು ಗಡಿಗೆಗಳಿದ್ದವು. ಒಂದರ ಮೇಲೊಂದು ಕೂರುವಂತೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಈ ಮಡಕೆಗಳ ಸಾಲಿನಲ್ಲಿ ಮೇಲಿನ ಗಡಿಗೆಯ ತಳವೇ ಕೆಳಗಿನದಕ್ಕೆ ಮುಚ್ಚಳ. ಒಂದೇ ಮಡಕೆಯ ಜಾಗದಲ್ಲಿ ಐದಾರು ಮಡಕೆ ನಿಲ್ಲಿಸುವ ಈ ಉಪಾಯಕ್ಕಿಂತ ಅಗ್ಗದ ರ‍್ಯಾಕನ್ನು ಇಂದಿಗೂ ಯಾರೂ ಮಾಡಿಲ್ಲ.

ಹೆಚ್ಚಿನ ಧಾನ್ಯಕ್ಕೆ ಕಣಜ, ವಾಡೆ, ಗುಡಾಣಗಳು ಬಳಕೆಯಲ್ಲಿದ್ದವು. ಬಿದಿರಿನಿಂದ ಹೆಣೆದು ಸಗಣಿ ಮತ್ತು ಮಣ್ಣು ಮೆತ್ತಿದ ಕಣಜವನ್ನು ಕಲ್ಲುಗಳ ಮೇಲೆ, ನೆಲಕ್ಕೆ ತಾಗದಂತೆ ಇರಿಸುತ್ತಿದ್ದರು. ಧಾನ್ಯದ ನಡುವೆ ಒಣಗಿದ ಬೇವಿನ ಸೊಪ್ಪು ಅಥವಾ ಬೂದಿ ಬೆರೆಸುವುದು, ಬೇಳೆಕಾಳಿಗೆ ಹರಳೆಣ್ಣೆ ಸವರುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು ಹುಳು ಬೀಳದಂತೆ ಮಾಡುತ್ತಿದ್ದ ಉಪಾಯಗಳು. ಬಟ್ಟೆಗಳ ನಡುವೆ ಬಜೆಯ ಬೇರು ಅಥವಾ ಬೇವಿನ ಎಲೆ ಇಡುವ ರೂಢಿ ಇಂದಿಗೂ ಪೂರ್ತಿ ಮರೆಯಾಗಿಲ್ಲ.

ಹಗೇವು

ಉತ್ತರ ಮತ್ತು ಮಧ್ಯ ಕರ್ನಾಟಕದಲ್ಲಿ ಜೋಳವನ್ನು ನೆಲದಡಿಯ ಹಗೇವುಗಳಲ್ಲಿ ಕೂಡಿಡುತ್ತಿದ್ದರು. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಮನೆಯ ಒಳಗೆ ಅಥವಾ ಮುಂದೆ, ಬಾಯಿ ಕಿರಿದಾಗಿ ಒಳಭಾಗ ಅಗಲವಾಗಿರುವಂತೆ ಗುಂಡಿ ತೋಡಿ, ತಳಕ್ಕೂ ಬದಿಗೂ ಒಣಹುಲ್ಲು ಹೊಂದಿಸಿ, ಧಾನ್ಯ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮನೆಯ ಮೇಲ್ಮೈಯಲ್ಲಿ ಒಂದು ಅಡಿ ಜಾಗವನ್ನೂ ಹಿಡಿಯದೆ ಹಲವು ಚೀಲ ಜೋಳವನ್ನು ವರ್ಷಗಟ್ಟಲೆ ಕಾಪಾಡುವ ಈ ವಿಧಾನದ ಗುಟ್ಟು ಗಾಳಿಯ ಕೊರತೆಯಲ್ಲಿದೆ. ಮುಚ್ಚಿದ ಗುಂಡಿಯಲ್ಲಿ ಧಾನ್ಯವೂ ಹುಳುಗಳೂ ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಕೊನೆಗೆ ಹುಳುಗಳು ಬದುಕುಳಿಯುವುದಿಲ್ಲ.

ಹುಳುವನ್ನು ಕೊಲ್ಲುವ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಬಾಯಿ ತೆರೆದ ಮೇಲೂ ತಳದಲ್ಲಿ ಉಳಿಯುತ್ತದೆ. ಆದುದರಿಂದ ಹಗೇವು ತೆರೆದು ಬಹಳ ಹೊತ್ತು ಬಿಟ್ಟು, ನಂತರ ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಒಳಗಿಳಿಯುವ ಕಟ್ಟುನಿಟ್ಟಿನ ರೂಢಿಯಿತ್ತು. ದೀಪದ ಪರೀಕ್ಷೆಯೂ ಪೂರ್ಣ ಭರವಸೆ ಕೊಡುವಂಥದಲ್ಲ. ದೀಪ ಉರಿಯುವಷ್ಟು ಆಮ್ಲಜನಕವಿದ್ದರೂ ಇಂಗಾಲದ ಡೈಆಕ್ಸೈಡ್ ಅಪಾಯದ ಮಟ್ಟದಲ್ಲಿರಬಹುದು. ಇಂದು ಸಂಪು, ಶೌಚಗುಂಡಿ, ಹಳೆಯ ಬಾವಿಗಳಿಗೆ ಇಳಿಯುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಒಳಗೆ ಕುಸಿದವರನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುವುದು ಇಂತಹ ಅವಘಡಗಳ ಸಾಮಾನ್ಯ ಲಕ್ಷಣ.

ಕಾಂಕ್ರೀಟ್ ಮನೆಯಲ್ಲಿ ಆದ ಬದಲಾವಣೆ

ಮಣ್ಣಿನ ಗೋಡೆಯ ಬದಲು ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕಿನ ಗೋಡೆ ಬಂದಾಗ ದಪ್ಪವು 9 ಅಂಗುಲಕ್ಕೆ, ಒಳಗೋಡೆಗಳಲ್ಲಿ 4.5 ಅಂಗುಲಕ್ಕೆ ಇಳಿಯಿತು. ಗೂಡು ಬಿಡುವ ಅವಕಾಶ ಅಲ್ಲಿಗೆ ಮುಗಿಯಿತು. ಜಂತೆಗಳಿಲ್ಲದ ಚಪ್ಪಟೆ ತಾರಸಿಯಿಂದ ನೆಲುವು, ಗಳಗಳಿಗೂ ಆಸರೆ ಇಲ್ಲವಾಯಿತು. ಹೀಗೆ ಗೋಡೆಯಲ್ಲೂ ಮೇಲೂ ಇದ್ದ ಸಾಮಾನು ನೆಲಕ್ಕಿಳಿದು ಟ್ರಂಕು, ಬೀರು, ಮಂಚಗಳ ರೂಪದಲ್ಲಿ ನಡೆದಾಡುವ ಜಾಗವನ್ನು ತಿಂದಿತು. ಅಲಮಾರು ಎಂಬ ಪದವೇ ಪೋರ್ಚುಗೀಸ್ ಭಾಷೆಯಿಂದ ಬಂದದ್ದು. ಹಳೆಯ ಮನೆಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರವನ್ನು ಸೂಚಿಸುತ್ತದೆ. ಸಾಮಾನು ಇಡುವುದಕ್ಕೆಂದೇ ಕಟ್ಟುವ ಅಟ್ಟದ ಎತ್ತರ 1.5 ಮೀಟರ್ ಮೀರಬಾರದೆಂಬುದು ಅದರ ವ್ಯಾಖ್ಯೆ. ಬಾಗಿಲಿನ ಎತ್ತರವಾದ 7 ಅಡಿಯಿಂದ ಚಾವಣಿಯವರೆಗೆ ಉಳಿಯುವ ಮೂರಡಿಯಷ್ಟು ಜಾಗವೇ ಇಂದಿನ ಮನೆಯ ಬಳಕೆಯಾಗದ ಉಗ್ರಾಣ.

ಅಲ್ಪ ವೆಚ್ಚದ ಸುಧಾರಣೆಗಳು

ಖರ್ಚಿಲ್ಲದ ಮೊದಲ ಸುಧಾರಣೆ ಬೇಡವಾದದ್ದನ್ನು ಹೊರಹಾಕುವುದು. ಯುಗಾದಿ, ಮಹಾನವಮಿ, ದೀಪಾವಳಿಗಳಿಗೆ ಮುಂಚೆ ಸಾಮಾನನ್ನೆಲ್ಲ ಅಂಗಳಕ್ಕೆ ತಂದು, ಗೋಡೆಗೆ ಸುಣ್ಣ ಬಳಿದು, ಮತ್ತೆ ಜೋಡಿಸುವ ಪದ್ಧತಿಯಲ್ಲಿ ಈ ಕೆಲಸ ತಾನಾಗಿ ನಡೆಯುತ್ತಿತ್ತು. ಒಡೆದ ಬಕೆಟ್, ಕೆಟ್ಟ ಮಿಕ್ಸಿ, ಹಳೆಯ ರಟ್ಟಿನ ಪೆಟ್ಟಿಗೆಗಳು ಗುಜರಿಗೆ ಹೋದರೆ ಹೊಸ ಬೀರು ಕೊಳ್ಳುವ ಅಗತ್ಯವೇ ಬೀಳದಿರಬಹುದು. ಸುಣ್ಣದ ಬಿಳುಪಿನಿಂದ ಕತ್ತಲೆಯ ಕೋಣೆಗೆ ಬೆಳಕೂ ಬರುತ್ತದೆ.

ಎರಡನೆಯದು ಇರುವ ಜಾಗದ ಅಳತೆ. 10 ಅಡಿ ಅಗಲದ ಕೋಣೆಯ ಒಂದು ಗೋಡೆಗೆ 2 ಅಡಿ ಆಳ, 2.5 ಅಡಿ ಎತ್ತರದ ಸಜ್ಜಾ ಇದ್ದರೆ 50 ಘನ ಅಡಿ ಜಾಗ ಸಿಗುತ್ತದೆ. 6 ಅಡಿಗೆ 4 ಅಡಿ ಮಂಚದ ಕೆಳಗೆ ಒಂದಡಿ ಎತ್ತರವಿದ್ದರೆ 24 ಘನ ಅಡಿ. ಮಂಚದ ಕಾಲುಗಳ ಕೆಳಗೆ ಗಟ್ಟಿಯಾದ ಮರದ ತುಂಡು ಕೊಟ್ಟು ಅರ್ಧ ಅಡಿ ಎತ್ತರಿಸಿದರೆ ಇದು 36 ಘನ ಅಡಿಯಾಗುತ್ತದೆ. ಒಂದು ಸಾಧಾರಣ ಬೀರುವಿನ ಒಳಜಾಗಕ್ಕಿಂತ ಇದು ಕಡಿಮೆಯೇನಲ್ಲ. ಬಾಗಿಲ ಹಿಂಬದಿ, ಮೆಟ್ಟಿಲ ಕೆಳಗಿನ ಮೂಲೆ, ಕಿಟಕಿಯ ಕೆಳಗಿನ ಗೋಡೆ ಇವು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಜಾಗಗಳು.

ಅಡುಗೆಮನೆಯ ಹಲಗೆಗಳಿಗೆ ಕರ್ನಾಟಕದಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಕಡಪ ಕಲ್ಲು. ಆಂಧ್ರಪ್ರದೇಶದ ಕಡಪ ಸೀಮೆಯ ಈ ಕಪ್ಪು ಸುಣ್ಣಕಲ್ಲು ಗೆದ್ದಲು ಹಿಡಿಯುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ಒರೆಸಿದರೆ ಶುಚಿಯಾಗುತ್ತದೆ. ಆದರೆ ಬಾಗದೆ ಒಮ್ಮೆಲೇ ಮುರಿಯುವುದು ಅದರ ಗುಣ. ಆದುದರಿಂದ ಎರಡರಿಂದ ಮೂರು ಅಡಿಗೊಂದು ನಿಲುವುಕಲ್ಲು ಅಥವಾ ಗೋಡೆಯ ಆಸರೆ ಕೊಡಬೇಕು. ಹಳೆಯ ಕಟ್ಟಡ ಕೆಡವಿದಾಗ ಸಿಗುವ ಬಾಗಿಲು, ಹಲಗೆ, ಕಲ್ಲುಗಳನ್ನು ಮಾರುವವರಲ್ಲಿ ಇಂತಹ ಸಾಮಗ್ರಿ ಕಡಿಮೆ ಬೆಲೆಗೆ ದೊರೆಯುತ್ತದೆ. ಸಾಗುವಾನಿ ಬಾಗಿಲಿನ ಒಂದು ರೆಕ್ಕೆಯಿಂದ ಒಳ್ಳೆಯ ನಾಗಂದಿಗೆಯಾಗುತ್ತದೆ.

ಪ್ಲೈವುಡ್ ಬಳಸುವವರು ಅದರ ದರ್ಜೆಯನ್ನು ನೋಡಬೇಕು. ಭಾರತೀಯ ಮಾನಕದ ಐಎಸ್ 303 ಗುರುತಿನದು ಸಾಮಾನ್ಯ ಬಳಕೆಯ ಪ್ಲೈವುಡ್. ಐಎಸ್ 710 ಗುರುತಿನದು ನೀರಿನ ಸಂಪರ್ಕವನ್ನೂ ತಡೆಯುವಂಥದು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ಅಗ್ಗವಾದರೂ ನೀರು ತಾಗಿದರೆ ಊದಿಕೊಳ್ಳುತ್ತವೆ, ತಿರುಪು ಹಿಡಿಯುವುದಿಲ್ಲ. ಅಡುಗೆಮನೆಯ ತೊಟ್ಟಿಯ ಕೆಳಗೆ ಇಂತಹ ಹಲಗೆ ಹಾಕಿಸಿದರೆ ಉಳಿಸಿದ ಹಣ ಎರಡು ಮಳೆಗಾಲ ಬಾಳುವುದಿಲ್ಲ. ದಿನಸಿ ಅಂಗಡಿಗಳಲ್ಲಿ ಕಾಣುವ, ತೂತುಗಳಿರುವ ಕಬ್ಬಿಣದ ಆ್ಯಂಗಲ್ ರ‍್ಯಾಕ್ ನೋಡಲು ಒರಟಾದರೂ ಬೆಲೆ, ಬಾಳಿಕೆ, ಬಿಚ್ಚಿ ಸಾಗಿಸುವ ಅನುಕೂಲ ಮೂರರಲ್ಲೂ ಮೇಲು.

ಭಾರದ ಲೆಕ್ಕ

ಸಂಗ್ರಹ ಜಾಗ ಹೆಚ್ಚಿಸುವಾಗ ಸಾಮಾನ್ಯವಾಗಿ ಮರೆಯುವ ಸಂಗತಿ ತೂಕ. ಎರಡು ತುದಿಗಳಲ್ಲಿ ಆಸರೆಯಿರುವ ಹಲಗೆಯ ಮೇಲೆ ಒಟ್ಟು ಭಾರ ಅಷ್ಟೇ ಇದ್ದು ಆಸರೆಗಳ ಅಂತರ ಎರಡು ಪಟ್ಟಾದರೆ ಅದರ ಬಾಗು ಎಂಟು ಪಟ್ಟಾಗುತ್ತದೆ. ಅದೇ ರೀತಿ ಹಲಗೆಯ ದಪ್ಪ ಎರಡು ಪಟ್ಟಾದರೆ ಬಾಗು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ದುಬಾರಿ ಮರಕ್ಕಿಂತ ನಡುವೆ ಒಂದು ಹೆಚ್ಚುವರಿ ಆಸರೆ ಕೊಡುವುದು ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು.

ಗೋಡೆಗೆ ತಿರುಪು ಹಾಕುವಾಗ ಅದು ಗಿಲಾವನ್ನು ದಾಟಿ ಇಟ್ಟಿಗೆಯಲ್ಲಿ ನೆಲೆಯೂರಬೇಕು. ಗಿಲಾವಿನ ದಪ್ಪ ಅರ್ಧ ಅಂಗುಲದಷ್ಟಿರುವುದರಿಂದ ಒಂದು ಅಂಗುಲದ ಮೊಳೆಗೆ ಹಿಡಿತ ಇರುವುದಿಲ್ಲ. ಟೊಳ್ಳು ಬ್ಲಾಕಿನ ಗೋಡೆಗೆ ಅದಕ್ಕೆಂದೇ ಇರುವ ಬೇರೆ ಬಗೆಯ ಪ್ಲಗ್ ಬೇಕು. ಸ್ವಿಚ್ ಮತ್ತು ನಲ್ಲಿಗಳ ನೇರ ಮೇಲೆ, ಕೆಳಗೆ ಕೊರೆಯಬಾರದು. ತಂತಿ ಮತ್ತು ಕೊಳವೆಗಳು ಅಲ್ಲಿಯೇ ಹಾದಿರುತ್ತವೆ. 4.5 ಅಂಗುಲದ ಗೋಡೆಯನ್ನು ಕೊರೆದು ಗೂಡು ಮಾಡುವುದು, ಕಂಬ ತೊಲೆಗಳನ್ನು ಕಡಿಯುವುದು ಯಾವ ಕಾರಣಕ್ಕೂ ಸಲ್ಲದು.

ಕಾಂಕ್ರೀಟ್ ಸಜ್ಜಾ ಗೋಡೆಯಿಂದ ಚಾಚಿಕೊಂಡಿರುವಂಥದಾದರೆ ಅದರ ಕಬ್ಬಿಣದ ಸರಳುಗಳು ಮೇಲ್ಭಾಗದಲ್ಲಿರಬೇಕು. ಏಕೆಂದರೆ ಭಾರ ಬಿದ್ದಾಗ ಹಿಗ್ಗುವುದು ಮೇಲಿನ ಮುಖ. ಕಾಂಕ್ರೀಟ್ ಸುರಿಯುವಾಗ ಸರಳುಗಳು ತುಳಿತಕ್ಕೆ ಸಿಕ್ಕಿ ಕೆಳಗಿಳಿದರೆ ಸಜ್ಜಾ ನೋಡಲು ಸರಿಯಾಗಿದ್ದರೂ ಬಲವಿರುವುದಿಲ್ಲ. ಗೋಡೆಯ ಬುಡದಲ್ಲಿ, ಮೇಲ್ಮೈಯಲ್ಲಿ ಬಿರುಕು ಕಂಡರೆ ಸಾಮಾನನ್ನು ಕೂಡಲೇ ಇಳಿಸಿ ಇಂಜಿನಿಯರಿಗೆ ತೋರಿಸಬೇಕು. ಕಟ್ಟಿ ಮುಗಿದ ಮನೆಗೆ ಹೊಸದಾಗಿ ಅಟ್ಟ ಸೇರಿಸುವವರು ಚಾಚು ಸಜ್ಜಾದ ಆಸೆ ಬಿಟ್ಟು, ಎರಡೂ ಕಡೆ ಗೋಡೆಯ ಆಸರೆಯಿರುವ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಸುವುದು ಕ್ಷೇಮ.

ಅಟ್ಟದ ಮೇಲೆ ಏನಿಡಬೇಕು ಎಂಬುದಕ್ಕೆ ಸರಳ ನಿಯಮವಿದೆ: ಹೆಚ್ಚು ಜಾಗ ಹಿಡಿದು ಕಡಿಮೆ ತೂಗುವಂಥದು. ಹಾಸಿಗೆ, ಕೌದಿ, ಖಾಲಿ ಸೂಟ್‌ಕೇಸ್, ವರ್ಷಕ್ಕೊಮ್ಮೆ ಇಳಿಸುವ ಗೊಂಬೆಗಳು ಅಟ್ಟಕ್ಕೆ ಸರಿ. ಮಂಡಕ್ಕಿಗೆ ಹೆಸರಾದ ದಾವಣಗೆರೆಯಲ್ಲಿ ಮಂಡಕ್ಕಿ ಚೀಲದಷ್ಟು ಅಟ್ಟಕ್ಕೆ ತಕ್ಕ ಸಾಮಾನು ಇನ್ನೊಂದಿಲ್ಲ. ತೇವ ತಾಗದಂತೆ ಬಿಗಿಯಾಗಿ ಕಟ್ಟಿದ್ದರೆ ಸಾಕು. ಅಕ್ಕಿ ಚೀಲ, ಪುಸ್ತಕದ ಪೆಟ್ಟಿಗೆ, ರುಬ್ಬುವ ಕಲ್ಲು ಕೆಳಗೇ ಇರಬೇಕು.

ತೇವ, ಗೆದ್ದಲು ಮತ್ತು ಧಾನ್ಯ

ಬೀರು ಮತ್ತು ಗೋಡೆಯ ನಡುವೆ ಎರಡು ಅಂಗುಲ ಸಂದು ಬಿಟ್ಟರೆ ಗಾಳಿಯಾಡಿ ಬೂಸ್ಟು ಹಿಡಿಯುವುದಿಲ್ಲ. ಬಚ್ಚಲುಮನೆಯ ಗೋಡೆಗೆ ಒರಗಿಸಿ ಬಟ್ಟೆ ಪುಸ್ತಕಗಳನ್ನು ಇಡಬಾರದು. ಗೆದ್ದಲು ನೆಲದ ಸಂಪರ್ಕದಿಂದ ಮೇಲೇರುವುದರಿಂದ ಮರದ ಸಾಮಾನುಗಳ ಕಾಲಿಗೆ ಕಲ್ಲು ಅಥವಾ ಲೋಹದ ಆಸರೆ ಕೊಡುವುದು ಒಳ್ಳೆಯದು. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಅದನ್ನು ಒರೆಸಿ ಸುಮ್ಮನಾಗದೆ ಮೂಲವನ್ನು ಹುಡುಕಬೇಕು.

ಧಾನ್ಯವನ್ನು ಚೆನ್ನಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಬಿಗಿಯಾದ ಮುಚ್ಚಳದ ಡಬ್ಬಿ ಅಥವಾ ಡ್ರಮ್ಮಿಗೆ ತುಂಬಬೇಕು. ಚೀಲಗಳನ್ನು ನೇರ ನೆಲಕ್ಕೆ ಹಾಕದೆ ಹಲಗೆಯ ಮೇಲಿಡುವುದು ಹಳೆಯ ಕಣಜದ ಕಲ್ಲುಗಳ ತತ್ವವೇ. ಧಾನ್ಯಕ್ಕೆ ವಿಷದ ಮಾತ್ರೆ ಹಾಕಿ ಮಲಗುವ ಕೋಣೆಯಲ್ಲಿ ಇಡುವುದು ಪ್ರಾಣಾಪಾಯ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳು ತೇವ ತಾಗಿದಾಗ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತವೆ. ವಾಸದ ಮನೆಯಲ್ಲಿ ಅವುಗಳ ಬಳಕೆ ಸಲ್ಲದು. ಒಂದೆರಡು ಕೋಣೆಯ ಮನೆಯಲ್ಲಿ ಚೀಲವೂ ಹಾಸಿಗೆಯೂ ಅಕ್ಕಪಕ್ಕ ಇರುವುದರಿಂದ ಈ ಮಾತು ಮುಖ್ಯ.

ನೀರು ಮತ್ತು ಅಡುಗೆ ಅನಿಲ

ದಾವಣಗೆರೆಗೆ ತುಂಗಭದ್ರಾ ನದಿಯಿಂದಲೂ, ಭದ್ರಾ ನಾಲೆಯ ನೀರು ತುಂಬುವ ಕುಂದುವಾಡ ಕೆರೆಯಿಂದಲೂ ನೀರು ಬರುತ್ತದೆ. ನಲ್ಲಿಯಲ್ಲಿ ಸದಾ ನೀರಿರದ ಊರುಗಳ ಮನೆಗಳಲ್ಲಿ ನೀರೂ ಒಂದು ಸಂಗ್ರಹದ ಸಾಮಾನೇ. ಡ್ರಮ್ಮು, ಕೊಡ, ಸಂಪುಗಳು ಅದಕ್ಕೆ ಜಾಗ ಕೇಳುತ್ತವೆ. 200 ಲೀಟರ್ ಡ್ರಮ್ ತುಂಬಿದರೆ ನೀರೇ 200 ಕೆ.ಜಿ. ತೂಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಪಾತ್ರೆಯ ಒಳಬದಿಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ತಿಕ್ಕಿ ತೊಳೆದು ಮುಚ್ಚಳ ಹಾಕಬೇಕು.

ಅಡುಗೆ ಅನಿಲದ ಮನೆ ಬಳಕೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲವಿರುತ್ತದೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಅಂದಕ್ಕಾಗಿ ಸಿಲಿಂಡರನ್ನು ಅಡುಗೆ ಕಟ್ಟೆಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಅಡಗಿಸುವುದು ಇತ್ತೀಚಿನ ರೂಢಿ. ಹಾಗೆ ಮಾಡಿದಲ್ಲಿ ಕಪಾಟಿನ ಬುಡದಲ್ಲಿ ಗಾಳಿಯಾಡುವ ಕಂಡಿಗಳು ಇರಲೇಬೇಕು. ಸಿಲಿಂಡರ್ ನೇರವಾಗಿ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಸೀಮೆಎಣ್ಣೆ, ಬಣ್ಣ, ಕೀಟನಾಶಕಗಳನ್ನು ದಿನಸಿಯ ಪಕ್ಕದಲ್ಲಾಗಲಿ ತಂಪು ಪಾನೀಯದ ಬಾಟಲಿಗಳಲ್ಲಾಗಲಿ ಇಡಬಾರದು.

ಕಾಗದಪತ್ರಗಳು

ಪಹಣಿ, ಕ್ರಯಪತ್ರ, ಪಡಿತರ ಚೀಟಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳನ್ನು ಮಂಚದ ಕೆಳಗಿನ ಟ್ರಂಕಿನಲ್ಲಿ ಇಡುವ ಅಭ್ಯಾಸ ವ್ಯಾಪಕವಾಗಿದೆ. ತುಂಗಭದ್ರೆಯ ದಡದ ಹರಿಹರದಲ್ಲಿ ಮುಂಗಾರಿನ ಹೊತ್ತಿಗೆ ನದಿ ಉಕ್ಕಿದಾಗ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗುವುದುಂಟು. ಆಗ ಮೊದಲು ಮುಳುಗುವುದು ಇದೇ ಟ್ರಂಕು. ತಲೆಯೆತ್ತರದ ಗೂಡಿನಲ್ಲಿ, ಎರಡು ಪ್ಲಾಸ್ಟಿಕ್ ಲಕೋಟೆಗಳಲ್ಲಿ ಸುತ್ತಿ, ಒಂದೇ ಚೀಲದಲ್ಲಿಟ್ಟರೆ ಅವಸರದಲ್ಲಿ ಎತ್ತಿಕೊಂಡು ಹೊರಡಬಹುದು. ಲ್ಯಾಮಿನೇಷನ್ ಮಾಡಿಸಿದ ಮೂಲಪತ್ರಗಳನ್ನು ಕೆಲವು ಕಚೇರಿಗಳು ಒಪ್ಪದಿರುವುದರಿಂದ ಲಕೋಟೆಯೇ ಉತ್ತಮ. ಡಿಜಿಲಾಕರ್‌ನಲ್ಲಿ ಪ್ರತಿ ಉಳಿಸಿಕೊಳ್ಳುವುದು ಯಾವ ಜಾಗವನ್ನೂ ಬೇಡದ ಸಂಗ್ರಹ.

ಬಾಡಿಗೆ ಮನೆಗಳಲ್ಲಿ

ಬಾಡಿಗೆಗೆ ಇರುವವರು, ಕಾಲೇಜುಗಳ ಊರಾದ ದಾವಣಗೆರೆಯಲ್ಲಿ ರೂಮು ಹಿಡಿದಿರುವ ವಿದ್ಯಾರ್ಥಿಗಳು, ಗೋಡೆಗೆ ಮೊಳೆ ಹೊಡೆಯುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯುವುದು ರೂಢಿ. ಇಲ್ಲವಾದರೆ ಮನೆ ಬಿಡುವಾಗ ಮುಂಗಡ ಹಣದಲ್ಲಿ ಕಡಿತವಾಗಬಹುದು. ಇವರಿಗೆ ಬಿಚ್ಚಿ ಜೋಡಿಸುವ ರ‍್ಯಾಕ್, ಬಾಗಿಲಿಗೆ ಸಿಕ್ಕಿಸುವ ಕೊಕ್ಕೆ, ಮಂಚದಡಿಯ ಪೆಟ್ಟಿಗೆಗಳು ಅನುಕೂಲ. ಎತ್ತರದ ರ‍್ಯಾಕಿನಲ್ಲಿ ಭಾರವಾದದ್ದನ್ನು ಕೆಳಗಿನ ಅರೆಗಳಲ್ಲಿಟ್ಟು, ಮೇಲ್ತುದಿಯನ್ನು ಕಿಟಕಿಯ ಸರಳಿಗೆ ತಂತಿಯಿಂದ ಬಿಗಿದರೆ ಮಕ್ಕಳು ಹತ್ತಿದಾಗಲೂ ಅದು ಉರುಳುವುದಿಲ್ಲ.